ಅದೀನ್ರಿ ಸರ್

ಸತ್ತವರ ದನಿ ಕೇಳಿಸಿತೆಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ನಮ್ಮ ದುಮ್ಮವಾಡದಲ್ಲಿ ಅಂಥ ಕಥೆಗಳಿಗೇನೂ ಕೊರತೆಯಿಲ್ಲ. ಆದರೆ ಪಿಯುಸಿ ಎರಡನೇ ವರ್ಷದಲ್ಲಿ, ಹಾಡಹಗಲು, ತುಂಬಿದ ತರಗತಿಯಲ್ಲಿ ನಡೆದದ್ದಕ್ಕೆ ನಗಲು ನನಗೆ ಇವತ್ತಿಗೂ ಆಗಿಲ್ಲ. ನೀವು ನಂಬಲೇಬೇಕೆಂದು ಹೇಳುವುದಿಲ್ಲ. ಆದದ್ದನ್ನಷ್ಟೇ ಬರೆಯುತ್ತೇನೆ.

ಅಕ್ಷತಾ ಬಮ್ಮಿಗಟ್ಟಿಯವಳು, ಕಲಘಟಗಿಯ ಕಾಲೇಜಿನಲ್ಲಿ ನನ್ನ ಸಹಪಾಠಿ. ಕಬಡ್ಡಿಯಲ್ಲಿ ಕೈ ಮುರಿದುಕೊಂಡ ನಾನು ಆಟದ ಪಿರಿಯಡ್‌ನಲ್ಲಿ ಕಟ್ಟೆಯ ಮೇಲೆ ಕೂರತೊಡಗಿದಾಗ, ಅವಳು ನನಗಿಂತ ಮೊದಲೇ ಅಲ್ಲಿರುತ್ತಿದ್ದಳು. ನಿನಗೇನಾಗಿದೆ ಎಂದು ಕೇಳಿದೆ.

"ರಕ್ತದ ಕ್ಯಾನ್ಸರ್. ಪಾಪ ಅನಬ್ಯಾಡ ಮತ್ತ. ಪಾಪ ಅನ್ನೋರು ನಮ್ಮನಿ ತುಂಬ ಅದಾರ."

ನಾನು ಅನ್ನಲಿಲ್ಲ. ಅದಕ್ಕೇ ಇರಬೇಕು, ಮರುದಿನ ಮೊಬೈಲಿನಲ್ಲಿ ತಾನು ಓದುತ್ತಿದ್ದ ಜಪಾನಿನ ಚಿತ್ರಕಥೆ ತೋರಿಸಿದಳು. ಮಾಂಗಾ ಎನ್ನುತ್ತಾರಂತೆ, ಬಲದಿಂದ ಎಡಕ್ಕೆ, ನಮ್ಮ ಲೆಕ್ಕದಲ್ಲಿ ಹಿಂದಿನಿಂದ ಮುಂದಕ್ಕೆ, ಓದಬೇಕು. ಹೆಚ್ಚು ದಿನ ಬದುಕದ ಹುಡುಗಿ, ಅವಳ ಗೆಳೆಯನಾಗುವ ಸಹಪಾಠಿ. ಇಂಗ್ಲಿಷ್ ಮಾತುಗಳನ್ನು ಅವಳು ನಮ್ಮ ಮಾತಿಗೆ ತಿರುಗಿಸಿ ಹೇಳುವಳು. ಟೋಕಿಯೋದ ಹುಡುಗಿ ಅವಳ ಬಾಯಲ್ಲಿ "ಯಾಕಲೇ, ಸಿಟ್ಟ ಬಂತೇನು" ಎಂದು ಕೇಳುತ್ತಿದ್ದಳು.

ಕೈ ಕೂಡಿಕೊಂಡ ಮೇಲೂ ನೋವಿದೆಯೆಂದು ಸುಳ್ಳು ಹೇಳಿ ಕಟ್ಟೆಯ ಮೇಲೇ ಉಳಿದೆ. ಅವಳಿಗೆ ಅದು ಗೊತ್ತಿತ್ತು. ಒಮ್ಮೆ ನಗುತ್ತ ಹೇಳಿದಳು: "ನನ್ನ ಕಥಿನೂ ಹಿಂದಿನಿಂದ ಓದೀದ್ರ ಛಲೋ ಇರ್ತಿತ್ತು. ಕಡೀಕ ಆರಾಮ ಆಗಿಬಿಡ್ತಿದ್ದೆ."

ದೀಪಾವಳಿಯ ನಂತರ ಅವಳನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದರು. ಒಂದು ಬುಧವಾರ ಸಂಜೆ ಫೋನ್ ಮಾಡಿದಳು. ದನಿ ತೀರ ತೆಳ್ಳಗಾಗಿತ್ತು.

"ನಾಳೆ ಬಾ. ಕಡೀ ಭಾಗ ಕೂಡೇ ಓದೂಣು."

ಟೆಸ್ಟ್ ಇದೆ, ಶನಿವಾರ ಬರುತ್ತೇನೆ ಎಂದೆ. ಟೆಸ್ಟ್ ಇರಲಿಲ್ಲ. ಕೂದಲು ಉದುರಿದ ಅವಳನ್ನು ನೋಡಲು ನನಗೆ ಹೆದರಿಕೆ. ಆತು, ಶನಿವಾರ ಬಾ ಎಂದಳು.

ಗುರುವಾರ ಮೊದಲ ಪಿರಿಯಡ್. ರಸಾಯನಶಾಸ್ತ್ರದ ಸರ್ ತಲೆಯೆತ್ತದೆ ಹಾಜರಿ ಕರೆಯುತ್ತಿದ್ದರು. ನಾವೆಲ್ಲ ಪ್ರೆಸೆಂಟ್ ಅನ್ನುವವರು. ಅಕ್ಷತಾ ಒಬ್ಬಳೇ, ಇದ್ದೇನೆ ಎಂಬುದನ್ನು ನಮ್ಮ ಕಡೆಯ ಮಾತಿನಲ್ಲಿ, "ಅದೀನ್ರಿ ಸರ್" ಅನ್ನುತ್ತಿದ್ದಳು. ಮೂರು ವಾರಗಳಿಂದ ಅವಳ ಹೆಸರಿಗೆ ಉತ್ತರವಿರಲಿಲ್ಲ. ಅಂದು ಬಂತು.

"ಅದೀನ್ರಿ ಸರ್."

ಹಿಂದಿನ ಸಂಜೆಯ ತೆಳ್ಳನೆಯ ದನಿಯಲ್ಲ, ಕಟ್ಟೆಯ ಮೇಲಿನ ದನಿ. ತಟ್ಟನೆ ಹುಡುಗಿಯರ ಕಡೆ ತಿರುಗಿದೆ. ಅವಳ ಜಾಗ ಖಾಲಿಯಿತ್ತು. ಸರ್ ಆಗಲೇ ಮುಂದಿನ ಹೆಸರಿಗೆ ಹೋಗಿದ್ದರು.

ಮೂರನೇ ಪಿರಿಯಡ್‌ನಲ್ಲಿ ಸುದ್ದಿ ಬಂತು. ಅವಳ ಕಾಕಾ ಕಾಲೇಜಿಗೆ ಫೋನ್ ಮಾಡಿದ್ದರು. ಹತ್ತರ ಸುಮಾರಿಗೆ, ನಮ್ಮ ಹಾಜರಿ ನಡೆಯುವ ಹೊತ್ತಿಗೆ, ಜೀವ ಹೋಗಿತ್ತು.

ಅವಳ ಬೆಂಚಿನ ಹುಡುಗಿಯರನ್ನು ಕೇಳಿದೆ. ಯಾರಿಗೂ ಏನೂ ಕೇಳಿಸಿರಲಿಲ್ಲ. ನಾನು ಹೀಗೆ ಕೇಳುತ್ತಿರುವುದು ತಿಳಿದು ಸರ್ ನನ್ನನ್ನು ಕರೆಸಿದರು. ಹಾಜರಿ ಪುಸ್ತಕ ಅವರ ಮುಂದೆ ತೆರೆದಿತ್ತು. ಅವಳ ಸಾಲಿನ ತುಂಬ ಗೈರುಹಾಜರಿಯ ಕೆಂಪು, ಅಂದಿನ ಚೌಕದಲ್ಲಿ ಮಾತ್ರ ನೀಲಿ ಗುರುತು.

"ಕೇಳೀತು ಅಂತ ಹಾಕೇನಿ, ತಮ್ಮಾ. ನಿನಗೂ ಕೇಳೀತೇನು?"

"ಹೌದ್ರಿ."

ಅವರು ಕೆಂಪು ಪೆನ್ನು ಕೈಗೆತ್ತಿಕೊಂಡರು. ತಿದ್ದಲಿಲ್ಲ. ಪುಸ್ತಕ ಮುಚ್ಚಿದರು.

ಐದಾರು ವರ್ಷಗಳಾದವು. ಸರ್ ರೂಢಿಯಿಂದ ಗುರುತು ಹಾಕಿರಬಹುದು, ಸುಳ್ಳು ಹೇಳಿದ ನನ್ನ ಮನಸ್ಸೇ ಆ ದನಿ ಕೇಳಿಸಿಕೊಂಡಿರಬಹುದು. ಆದರೆ ಇಬ್ಬರಿಗೂ, ಅದೇ ಗಳಿಗೆಯಲ್ಲಿ, ಅದೇ ಮಾತು? ಎಷ್ಟು ಯೋಚಿಸಿದರೂ ನನಗೆ ತಿಳಿಯುವುದಿಲ್ಲ. ತಿಳಿದಿರುವುದು ಇಷ್ಟೇ: ಹುಬ್ಬಳ್ಳಿ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಅವಳು ಕರೆದಿದ್ದಳು. ನಾನು ಹೋಗಲಿಲ್ಲ.