ಜಮಾದಾರನಿಗೆ ಬಿದ್ದ ಪೆಟ್ಟು

ಕೆಂಭಾವಿ ಕಡೆಯ ಉಪಕಾಲುವೆಯ ಮೇಲೆ ಮರಿಲಿಂಗಪ್ಪನದು ನೀರು ಬಿಡುವ ಕೆಲಸ. ನಾರಾಯಣಪುರದ ಅಣೆಕಟ್ಟಿನಿಂದ ಬಂದ ನೀರನ್ನು ಪಾಳಿ ಪ್ರಕಾರ ಹೊಲಗಳಿಗೆ ಹಂಚಬೇಕು. ಹಂಚುವುದೇನು, ಯಾರಾದರೂ ಹಂಚಿಯಾರು. ಹಂಚಿದ್ದನ್ನು ಕಾಯುವುದೇ ಹೆಣಗಾಟ. ಮೇಲಿನ ಹೊಲದವರು ಕದ್ದು ಗೇಟು ಎತ್ತಿದರೆ ಕೊನೆಯ ಹೊಲಕ್ಕೆ ಕೆಸರೂ ಮುಟ್ಟದು. ಅದಕ್ಕೇ ಅವನು ನಾಯಿ ಸಾಕಿದ್ದ. ಹೆಸರು ಜಮಾದಾರ. ಗೇಟಿನ ಚಕ್ರಕ್ಕೆ ಬೇರೆ ಕೈ ತಾಗಿದರೆ ಎರಡು ಊರಿಗೆ ಕೇಳುವಂತೆ ಬೊಗಳುತ್ತಿತ್ತು. "ಪಗಾರ ನನಗ ಕೊಡ್ತಾರ, ಕೆಲಸ ಇದು ಮಾಡ್ತದ" ಎಂದು ಮರಿಲಿಂಗಪ್ಪ ಹೇಳಿಕೊಂಡು ತಿರುಗುತ್ತಿದ್ದ. ಹನ್ನೆರಡು ವರ್ಷ ಹೀಗೇ ನಡೆಯಿತು.

ಹದಿಮೂರನೆಯ ವರ್ಷ ಜಮಾದಾರನ ಚಾಳಿ ಬದಲಾಯಿತು. ಮನೆಯೊಳಗೇ ಉಚ್ಚೆ ಹೊಯ್ಯುತ್ತಿತ್ತು. ಗೋಡೆಗೆ ಮುಖ ಹಚ್ಚಿ ಗಂಟೆಗಟ್ಟಲೆ ನಿಲ್ಲುತ್ತಿತ್ತು. ಕರೆದರೆ ತಿರುಗಿ ನೋಡುತ್ತಿರಲಿಲ್ಲ. "ಇದಕ ಏನೋ ಆಗ್ಯಾದ, ದವಾಖಾನಿಗೆ ಒಯ್ಯೋಣು" ಎಂದು ಹೆಂಡತಿ ದೇವಕಮ್ಮ ಎರಡು ತಿಂಗಳು ಬಡಕೊಂಡಳು. "ಸೊಕ್ಕು ಬಂದದ, ಅಷ್ಟ" ಎಂದು ಈ ಮಹಾರಾಯ ಕಿವಿಗೇ ಹಾಕಿಕೊಳ್ಳಲಿಲ್ಲ.

ಒಂದು ಮುಂಜಾನೆ ಕೊನೆಯ ಹೊಲದ ಶೇಖಮ್ಮ ನಾಲ್ಕೈದು ಮಂದಿಯನ್ನು ಕಟ್ಟಿಕೊಂಡು ಬಂದಳು. ಅವಳ ಪಾಳಿಯ ನೀರು ಮೇಲಿನ ಗುರಪ್ಪನ ಭತ್ತಕ್ಕೆ ಹರಿದಿತ್ತು. ಗುರಪ್ಪ ಚಕ್ರ ತಿರುಗಿಸುವಾಗ ಜಮಾದಾರ ಪಕ್ಕದಲ್ಲೇ ಮಲಗಿತ್ತಂತೆ, ಒಂದು ಸಲವೂ ಬೊಗಳಲಿಲ್ಲವಂತೆ.

"ನಾಯಿ ರೊಟ್ಟಿ ತಿಂದು ಸುಮ್ನ ಆಗ್ಯಾದ. ಮಾಲಕ ಏನ್ ತಿಂದಾನೋ ಯಾರಿಗ್ಗೊತ್ತು!" ಎಂದಳು ಶೇಖಮ್ಮ. ಬಂದವರು ನಕ್ಕರು.

ಮರಿಲಿಂಗಪ್ಪ ಯಾರಿಂದಲೂ ಒಂದು ಬೀಡಿ ಮುಟ್ಟಿದವನಲ್ಲ. ಮೈಯೆಲ್ಲ ಉರಿದುಹೋಯಿತು. ನಾನು ತಿಂದಿಲ್ಲ ಎಂದು ಬಾಯಲ್ಲಿ ಹೇಳಿದ್ದರೆ ಸಾಕಿತ್ತು. ಅವನು ಬಡಿಗೆ ಎತ್ತಿಕೊಂಡ. ಮಂದಿ ನೋಡಲೆಂದೇ ನಾಯಿಗೆ ಹೊಡೆದ. ಪೆಟ್ಟು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಜಮಾದಾರ ಅವನ ಕಾಲಸಂದಿಯಲ್ಲೇ ಅಡಗಲು ಬಂತು. ಆಗಲಾದರೂ ಅವನಿಗೆ ಗೊತ್ತಾಗಬೇಕಿತ್ತು. ಕಡೆಗೆ ಶೇಖಮ್ಮನೇ ಬಡಿಗೆ ಕಸಿದುಕೊಂಡಳು.

ದೇವಕಮ್ಮ ಅವತ್ತೇ ನಾಯಿಯನ್ನು ಆಟೋದಲ್ಲಿ ಹಾಕಿಸಿ ಕೆಂಭಾವಿಯ ದನದ ದವಾಖಾನೆಗೆ ಹೊರಟಳು. ಮರಿಲಿಂಗಪ್ಪನೂ ಹಿಂದೆ ಕೂತ. ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟರು, ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದರು.

"ಇದಕ ಕಣ್ಣು ಕಾಣಂಗಿಲ್ಲ, ಕಿವಿ ಕೇಳಂಗಿಲ್ಲ. ಮುಪ್ಪಿಗೆ ಬುದ್ಧಿನೂ ಮಬ್ಬಾಗ್ಯಾದ. ಇಷ್ಟು ದಿನ ನಿಮ್ಮ ವಾಸನಿ ಹಿಡಕೊಂಡೇ ಕಾಲುವಿ ಮ್ಯಾಲ ತಿರಗ್ಯಾದ. ಮೈಮ್ಯಾಲ ಈ ಬಾಸುಂಡಿ ಯಾರು ಮಾಡ್ಯಾರ?"

ದೇವಕಮ್ಮ ಗಂಡನ ಮುಖ ನೋಡಲಿಲ್ಲ. "ನಾನ್ರಿ" ಎಂದ ಮರಿಲಿಂಗಪ್ಪ. ನಾಚಿಕೆಯಿಂದ ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅಂದಿನಿಂದ ಅವನು ಚಾಕರಿಗೆ ನಿಂತ. ಉಚ್ಚೆ ಒರೆಸಿದ, ಹಾಸಿದ ಗೋಣಿ ಬದಲಿಸಿದ, ರೊಟ್ಟಿಯನ್ನು ಹಾಲಲ್ಲಿ ಕಿವುಚಿ ತಂದ. ಆದರೆ ಅವನು ಹತ್ತಿರ ಬಂದರೆ ಜಮಾದಾರ ಗಡಗಡ ನಡುಗಿ ಮೂಲೆ ಸೇರುತ್ತಿತ್ತು. ಮನೆಯ ಬಾಗಿಲು ಅದಕ್ಕೆ ಮರೆತಿತ್ತು, ತಟ್ಟೆ ಮರೆತಿತ್ತು, ದೇವಕಮ್ಮನನ್ನೂ ದಿನಾ ಹೊಸಬಳಂತೆ ಮೂಸುತ್ತಿತ್ತು. ಅವನ ವಾಸನೆ ಮಾತ್ರ ಮರೆತಿರಲಿಲ್ಲ.

ಮುಂದಿನ ಪಾಳಿಗೆ ಶೇಖಮ್ಮ ಬಂದಾಗ ದೇವಕಮ್ಮ ಮನೆಯಲ್ಲಿರಲಿಲ್ಲ.

"ಯಣ್ಣಾ, ಅವತ್ತ ನಾ ಹಂಗ ಅನ್ನಬಾರದಿತ್ತು."

"ಅಂದಾಕಿ ನೀ. ಹೊಡದಾಂವ ನಾ" ಎಂದು ಅವನು ಜಮಾದಾರನ ತಟ್ಟೆಯನ್ನು ಅವಳ ಕೈಗಿಟ್ಟ. "ನೀನ ಇಡವ್ವ. ನಾ ಇಟ್ರ ತಿನ್ನಂಗಿಲ್ಲ."

ಹೊರಗಿನ ಹೆಂಗಸಿನ ಕೈಯಿಂದ ಜಮಾದಾರ ಬಾಲ ಅಲ್ಲಾಡಿಸುತ್ತ ತಿಂದಿತು. ಮರಿಲಿಂಗಪ್ಪ ತನ್ನದೇ ಮನೆಯ ಹಿತ್ತಲಗೋಡೆಗೆ ಅಂಟಿಕೊಂಡು, ಅದು ತಿಂದು ಮುಗಿಸುವ ತನಕ ಗಾಳಿ ಈ ಕಡೆಯಿಂದ ಬೀಸದಿರಲಿ ಎಂದುಕೊಳ್ಳುತ್ತ ನಿಂತಿದ್ದ.