ಹಾಡುವವರಿಲ್ಲದ ಕ್ಯಾಸೆಟ್

ಅಣ್ಣ ತೀರಿಕೊಂಡ ಮೇಲೆ, ಅವನು ಮಾಡಿದ್ದ ಕ್ಯಾಸೆಟ್ ಮನೆಯಲ್ಲಿ ಒಂದೂ ಉಳಿದಿಲ್ಲ ಎಂದು ಗೊತ್ತಾಯಿತು. ಕೇಳಿದವರಿಗೆಲ್ಲ ಕೊಟ್ಟುಬಿಟ್ಟಿದ್ದ. ನಾನಂತೂ ಒಂದು ದಿನವೂ ಅದನ್ನು ಹಾಕಿ ಕೇಳಿರಲಿಲ್ಲ.

ಚನ್ನಪಟ್ಟಣದಲ್ಲಿ ಅವನದು ಮರದ ಬೊಂಬೆ ಕಡೆಯುವ ಕೆಲಸ. ಮದುವೆಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ಬೇಸ್ ಗಿಟಾರ್ ನುಡಿಸುತ್ತಿದ್ದ. ಡ್ರಮ್ಸ್ ಪಕ್ಕ ನಿಂತಿರುತ್ತಿದ್ದ ಅವನ ಕಡೆ ಯಾರೂ ನೋಡುತ್ತಿರಲಿಲ್ಲ. ಒಮ್ಮೆ ಮಾತ್ರ ತಾನೇ ಮುಂದಾಗಿ, ಕೀಬೋರ್ಡಿನವನನ್ನೂ ಡ್ರಮ್ಸಿನವನನ್ನೂ ಕಟ್ಟಿಕೊಂಡು ಆ ಕ್ಯಾಸೆಟ್ ಮಾಡಿದ. ಜಾಝ್, ಫಂಕ್, ನಮ್ಮ ತಮಟೆಯ ಪೆಟ್ಟು ಎಲ್ಲ ಸೇರಿದ ಫ್ಯೂಷನ್ ಅನ್ನುತ್ತಿದ್ದ. ಅದರಲ್ಲಿ ಹಾಡುವವರೇ ಇರಲಿಲ್ಲ. ರಾಮನಗರದ ಅಂಗಡಿಯವರು ಅದನ್ನು ಟ್ರ್ಯಾಕ್ ಕ್ಯಾಸೆಟ್‌ಗಳ ಸಾಲಿನಲ್ಲಿಟ್ಟರು, ಅಂದರೆ ಸಂಗೀತ ಹಾಕಿಕೊಂಡು ಮೇಲೆ ನಾವೇ ಹಾಡಿಕೊಳ್ಳುವಂಥವು. ಹೆಚ್ಚು ಮಾರಾಟವಾಗಲಿಲ್ಲ. ಆಮೇಲೆ ಕೇಳುತ್ತೇನೆ ಎಂದು ನಾನೂ ಮುಂದೂಡಿದ್ದೆ.

ಮಾಗಡಿಯ ಭಜನೆ ಮಂಡಳಿಯೊಂದರಲ್ಲಿ ಒಂದು ಉಳಿದಿರಬಹುದು ಎಂದು ಡ್ರಮ್ಸಿನವನು ಹೇಳಿದ. ಭಜನೆಯವರಿಗೆ ಅದರಿಂದ ಏನು ಕೆಲಸ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ.

ಮಂಡಳಿಯ ಹಿರಿಯರು ಟೇಪ್‌ರೆಕಾರ್ಡರಿನ ಧೂಳು ಒರೆಸಿ ಕ್ಯಾಸೆಟ್ ಹಾಕಿದರು. ಶುರುವಾಗುತ್ತಲೇ ತಾಳ ಕೈಗೆತ್ತಿಕೊಂಡು ದೇವರ ಪದವೊಂದನ್ನು ಅದರ ಮೇಲೆ ಹಾಡತೊಡಗಿದರು. ಆಗ ತಿಳಿಯಿತು. ಅವರೂ ಟ್ರ್ಯಾಕ್ ಎಂದೇ ಕೊಂಡು, ಎಷ್ಟೋ ಶನಿವಾರ ಅದರ ಜೊತೆ ಹಾಡಿದ್ದರು. ನನಗೆ ಸಂಕಟವಾಯಿತು. ಹಾಡದೆ ಒಂದು ಸಲ ಕೇಳಿಸುತ್ತೀರಾ ಎಂದೆ. ಅವರು ಬೇಸರಿಸದೆ ಹಿಂದಕ್ಕೆ ತಿರುಗಿಸಿದರು. ನಾನು ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಪಕ್ಕದಲ್ಲಿಟ್ಟೆ.

ಕೀಬೋರ್ಡ್ ಕೇಳಿಸಿತು, ಡ್ರಮ್ಸ್ ಕೇಳಿಸಿತು. ಸ್ಪೀಕರಿಗೆ ಕಿವಿ ಕೊಟ್ಟರೂ ಅಣ್ಣ ಸಿಗಲಿಲ್ಲ.

"ಇದ್ರಲ್ಲಿ ನಮ್ಮಣ್ಣಂದು ಯಾವ್ದು ಅಂತ್ಲೇ ಗೊತ್ತಾಯ್ತಿಲ್ಲ, ಯಜಮಾನ್ರೆ."

"ಮೇಲ್ಗಡೆ ಹುಡುಕ್ಬ್ಯಾಡ ಕಣವ್ವ. ತಳದಲ್ಲಿ ದುಂ ದುಂ ಅಂತ ಓಡಾಡ್ತಾ ಐತಲ್ಲ, ಅದೇಯ. ನಾವು ಅದ್ನೇ ಹಿಡ್ಕಂಡು ಹಾಡ್ತಿದ್ದಿದ್ದು."

ಎರಡು ಬೆರಳಿನಿಂದ ಜಗಲಿಯ ಮೇಲೆ ಅದನ್ನು ಬಡಿದು ತೋರಿಸತೊಡಗಿದರು.

"ನೋಡು, ಇಲ್ಲಿ ಒಸಿ ತಡೀತಾನೆ. ಈಗ ಬತ್ತಾನೆ."

ಬಂದ.

ಮುಂದಿನ ಟ್ಯೂನಿನಲ್ಲಿ ಅವನು ಎಲ್ಲಿ ತಡೆಯುತ್ತಾನೆಂದು ನಾನೇ ಊಹಿಸಿ ಬೆರಳೆತ್ತಿ ಕಾದೆ. ತಪ್ಪಿತು. ಅಲ್ಲಿ ಅವನು ತಡೆಯದೆ, ನಾನು ಎಣಿಸದ ಸ್ವರಕ್ಕೆ ಮೇಲೇರಿ ಹೋಗಿದ್ದ.