ಲೀಲಮ್ಮ ಹೆಸರಿಟ್ಟ ಅಮೆರಿಕದ ನೇರಳೆ

"ಇಡೀ ಗಿಡವೇ ಔಷಧಿ, ದೊಡ್ಡಮ್ಮ." ಯಶವಂತ್ ಫೋನಿನಲ್ಲಿ ಹೇಳಿದ ಈ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಲೀಲಮ್ಮ ಸ್ಪೀಕರ್ ಹಾಕಿದ್ದರು. ಆ ಹುಡುಗನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಈ ಬಸಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ ಅಂತ ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಲು ಏನು ಕಷ್ಟ?

ನಾನು ಸರ್ಕಾರಿ ಕಾರಿನ ಡ್ರೈವರ್, ರಾಣೆಬೆನ್ನೂರಿನ ಕಡೆಯವನು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ದೆಹಲಿಯ ಆರ್.ಕೆ.ಪುರಂನಲ್ಲಿ ನಮ್ಮ ಕೆಳಗಿನ ಮನೆ ಲೀಲಮ್ಮನವರದು. ಪುತ್ತೂರಿನವರು. ಗಂಡ ಗೋಪಿನಾಥರಾಯರು ಗುಮಾಸ್ತರಾಗಿ ನಿವೃತ್ತರಾದವರು. ಈಗಿರುವ ಕ್ವಾರ್ಟರ್ಸು ಮಗಳು ಅಮೂಲ್ಯಳ ನೌಕರಿಗೆ ಸಿಕ್ಕಿದ್ದು.

ಆ ಮನೆಯ ಹಿತ್ತಲು ಎರಡು ಸೀರೆ ಒಣಗಿಸಿದರೆ ತುಂಬಿಹೋಗುವಷ್ಟು ಸಣ್ಣದು. ಅದರಲ್ಲೇ ತುಪ್ಪದ ಹಳೆ ಡಬ್ಬಗಳಲ್ಲಿ ದೊಡ್ಡಪತ್ರೆ, ಒಂದೆಲಗ, ತುಳಸಿ, ಅಮೃತಬಳ್ಳಿ. ಗಾಳಿ ಬದಲಾದರೆ ಸಾಕು, ಒಲೆಯ ಮೇಲೆ ಕಷಾಯ ಕುದಿಯುತ್ತಿತ್ತು, ಊಟಕ್ಕೆ ತಂಬುಳಿ ಇರುತ್ತಿತ್ತು. ತಂಬುಳಿ ನಮ್ಮ ಕಡೆಯದಲ್ಲ. ಸೊಪ್ಪನ್ನು ಕಾಯಿ, ಜೀರಿಗೆ, ಕಾಳುಮೆಣಸಿನ ಜೊತೆ ರುಬ್ಬಿ ಮಜ್ಜಿಗೆ ಬೆರೆಸುತ್ತಾರೆ. ಕೆಲವರು ಸೊಪ್ಪನ್ನು ತುಪ್ಪದಲ್ಲಿ ಬಾಡಿಸುತ್ತಾರೆ. ಲೀಲಮ್ಮ ಹಸಿಯಾಗಿಯೇ ರುಬ್ಬುತ್ತಿದ್ದರು.

"ನಿಮ್ಮ ಮನೇಲಿ ಮೇಕೆ ಕಟ್ಟಿದ್ರೆ ಅದು ಉಪವಾಸ ಸಾಯ್ತಿತ್ತು ಅಕ್ಕಾ," ಅಂದರೆ ಅವರೇನು ಸುಮ್ಮನಿರುವವರಲ್ಲ.

"ನಿನ್ನ ತಲೆ ಯಾವಾಗ ನೋಡಿದ್ರೂ ರೊಟ್ಟಿ ಹಂಚಿನ ಹಾಗೆ ಕಾದಿರುತ್ತೆ. ಒಂದೆಲಗ ತಿನ್ನು, ತಣ್ಣಗಾಗುತ್ತೆ."

ಅವರದೊಂದು ಪದ್ಧತಿ ಇತ್ತು. ಹೊಸ ಸೊಪ್ಪು ಯಾವುದೇ ಇರಲಿ, ಮೊದಲ ಬಟ್ಟಲು ಅವರದು. ತಿಂದು, ಸ್ವಲ್ಪ ಹೊತ್ತು ಕೂತು, ತನಗೇನೂ ಆಗಲಿಲ್ಲ ಎಂದ ಮೇಲೆಯೇ ಬೇರೆಯವರಿಗೆ. ಇನ್ನೊಂದು ಪದ್ಧತಿ ನಮ್ಮಿಬ್ಬರ ನಡುವಿನದು. ಚಳಿಗೆ ಮುಂಚೆ ಕಷಾಯದ ಪುಡಿ ತುಂಬಿದ ಸ್ಟೀಲ್ ಡಬ್ಬಿ ನಮ್ಮ ಮನೆಗೆ ಬರುತ್ತಿತ್ತು. ಖಾಲಿಯಾದ ಮೇಲೆ ನಾನು ಬೆಲ್ಲವನ್ನೋ ಶೇಂಗಾವನ್ನೋ ಹಾಕಿ ಹಿಂದಿರುಗಿಸುತ್ತಿದ್ದೆ. ಬರಿ ಡಬ್ಬಿ ಯಾರೂ ಕೊಡುವುದಿಲ್ಲವಲ್ಲ.

ಗೋಪಿನಾಥರಾಯರ ಶ್ವಾಸಕೋಶ ಕೆಟ್ಟು ಬಹಳ ಕಾಲವಾಗಿತ್ತು. ಹೊಗೆಯ ತಿಂಗಳುಗಳಲ್ಲಿ ದೆಹಲಿ ಬಿಟ್ಟು ಹೋಗಿ ಎಂದು ಡಾಕ್ಟರು ಹೇಳಿದ್ದರು. ಇನ್ನೊಂದು ಚಳಿ ತಡೆಯುವುದು ಕಷ್ಟ ಎಂದೂ ಹೇಳಿದ್ದರು. ರಾಯರು ಮಗಳನ್ನು ಬಿಟ್ಟು ಕದಲಲಿಲ್ಲ. ಅಂದಿನಿಂದ ಲೀಲಮ್ಮನವರಿಗೆ ಒಂದೇ ಹಟ. ಈ ಮನುಷ್ಯನನ್ನು ಈ ಚಳಿ ದಾಟಿಸಬೇಕು.

ಯಶವಂತ್ ಲೀಲಮ್ಮನವರ ತಂಗಿಯ ಮಗ. ಇಲ್ಲೇ ಪೀತಮ್‌ಪುರಾದಲ್ಲಿ ಪರಾಠಾ ತಿಂದು ಬೆಳೆದವನು, ಈಗ ಹೌಜ್ ಖಾಸ್‌ನಲ್ಲಿ ರೂಮು ಮಾಡಿಕೊಂಡು ಗುರುಗ್ರಾಮದ ಅಮೆರಿಕನ್ ಕಂಪನಿಯಲ್ಲಿ ಕೆಲಸದಲ್ಲಿದ್ದಾನೆ. ಅದಕ್ಕೂ ಹಿಂದಿನ ವರ್ಷದ ಚಳಿಗೆ ಒಂದು ಚೀಲ ತಂದಿದ್ದ. ಅಮೆರಿಕದ ಮೂಲನಿವಾಸಿಗಳು ಬಳಸುತ್ತಿದ್ದ ಮದ್ದುಗಳಂತೆ. ಎಕಿನೇಶಿಯಾ ಎಂಬ ನೇರಳೆ ಹೂವಿನ ಗಿಡದ ಬೇರು. ಅದನ್ನು ಕುದಿಸಿ ಕುಡಿದರೆ ನಾಲಿಗೆ ಜುಮುಜುಮು ಎನ್ನುತ್ತಿತ್ತು. "ಇದನ್ನ ನಿನಗೆ ದಿನಾ ಕುಡಿಸಬೇಕು ಲೀಲಾ, ಮನೆ ಪ್ರಶಾಂತವಾಗಿರುತ್ತೆ," ಎಂದು ರಾಯರು ನಕ್ಕು, ನಕ್ಕಿದ್ದಕ್ಕೇ ಕೆಮ್ಮಿದರು. ಜೊತೆಗೆ ಎಲ್ಡರ್‌ಬೆರಿ ಎಂಬ ಕಪ್ಪು ಹಣ್ಣಿನ ಸಿರಪ್ಪು, ಆ ಹಣ್ಣಿನ ಗಿಡದ್ದೇ ಒಂದು ಸಸಿ.

ಸಿರಪ್ಪು ಕುಡಿದ ಮೇಲೆ ರಾಯರು ಚೆನ್ನಾಗಿ ನಿದ್ದೆ ಮಾಡಿದರು. ಬಣ್ಣ ನೋಡಿ ಲೀಲಮ್ಮ ಅದಕ್ಕೆ 'ಅಮೆರಿಕದ ನೇರಳೆ' ಎಂದು ಹೆಸರಿಟ್ಟರು. ನನ್ನನ್ನು ಕೇಳಿದರೆ ಅನಾಹುತ ಶುರುವಾಗಿದ್ದು ಅಲ್ಲಿಂದ. ನಮ್ಮ ನೇರಳೆಯ ಬೀಜ, ತೊಗಟೆ, ಎಲೆ ಎಲ್ಲವೂ ಮದ್ದಿಗೆ ಬರುತ್ತದೆ. ಹೆಸರಿಟ್ಟ ಮೇಲೆ ಆ ಪರದೇಶಿ ಗಿಡವೂ ಅವರ ಪಾಲಿಗೆ ಮನೆಯ ಮಗುವಾಯಿತು.

ಮಳೆಗಾಲದಲ್ಲಿ ಅದು ಬೆಳೆದ ರೀತಿ ನನಗೆ ಹಿಡಿಸಲಿಲ್ಲ. ಪಕ್ಕದ ದೊಡ್ಡಪತ್ರೆ ಸೊರಗಿತು, ಇದು ಮಾತ್ರ ಕಿಟಕಿಯ ಸರಳು ಮುಟ್ಟಿತು. ತುಳಸಿಯನ್ನೂ ಬಿಡದ ಅಳಿಲು ಇದರ ಹತ್ತಿರ ಸುಳಿಯುತ್ತಿರಲಿಲ್ಲ. ಎಲೆ ಉಜ್ಜಿದರೆ ಗಬ್ಬು ವಾಸನೆ.

"ಇಲಿ ಸತ್ತ ಹಾಗಿದೆ ಅಕ್ಕಾ, ಕಿತ್ತು ಬಿಸಾಕಿ."

"ಸಾರಿನ ಇಂಗೂ ನಾರುತ್ತೆ, ಬಿಸಾಕ್ತೀಯಾ?"

ನವೆಂಬರ್ ಬಂತು. ಹೊಗೆ ಮೊದಲು ಫ್ಲೈಓವರ್ ನುಂಗಿತು, ಆಮೇಲೆ ಎದುರಿನ ಬ್ಲಾಕು. ಹಗಲಲ್ಲೇ ಹೆಡ್‌ಲೈಟ್ ಹಾಕಿ ಗಾಡಿ ಓಡಿಸುತ್ತಿದ್ದೆವು. ಸೂರ್ಯ ತುಕ್ಕು ಹಿಡಿದ ಮುಚ್ಚಳದ ಹಾಗೆ ಕಾಣುತ್ತಿದ್ದ. ಕೆಳಗಿನ ಮನೆಯ ಕೆಮ್ಮು ನಮ್ಮ ಮನೆಯ ನೆಲದೊಳಗಿಂದ ಕೇಳುತ್ತಿತ್ತು. ಸಿರಪ್ಪು ಮುಗಿದಿತ್ತು. ಲೀಲಮ್ಮ ಯಶವಂತನಿಗೆ ಫೋನು ಮಾಡಿದಾಗ ನಾನು ಅಲ್ಲೇ ಪಡಸಾಲೆಯಲ್ಲಿ ಕೂತಿದ್ದೆ.

"ದೊಡ್ಡಮ್ಮ, ಮೀಟಿಂಗ್‌ನಲ್ಲಿದೀನಿ. ಸಿರಪ್ ಸ್ಟಾಕ್ ಇಲ್ಲ."

"ಗಿಡ ಇದೆಯಲ್ಲೋ. ಎಲೆ ಆಗುತ್ತಾ?"

"ಹಾಂ ಹಾಂ, ಇಡೀ ಗಿಡವೇ ಔಷಧಿ, ದೊಡ್ಡಮ್ಮ. ಚಲೋ, ಇಡ್ತೀನಿ."

ಅಷ್ಟೇ. ಲೀಲಮ್ಮ ಎದ್ದು ಹೋಗಿ ಮಡಿಲು ತುಂಬ ಚಿಗುರು ಕಿತ್ತು ತಂದರು. ಕಷಾಯ ಮಾಡುತ್ತೀರಾ ಎಂದು ಕೇಳಿದೆ. "ಎಳೆ ಚಿಗುರು ಕುದಿಸಿದ್ರೆ ಗುಣ ಹೋಗುತ್ತೆ. ತಂಬುಳಿ ಮಾಡ್ತೀನಿ," ಎಂದರು. ಮಿಕ್ಸಿ ತಿರುಗಿದಾಗ ಆ ವಾಸನೆ ಮನೆಯೆಲ್ಲ ಹರಡಿತು. ರಾಯರು ತಟ್ಟೆಯ ಮುಂದೆ ಕೂತು ಕೈ ಚಾಚಿದರು. ಲೀಲಮ್ಮ ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡರು.

"ತಡೀರಿ. ಮೊದಲು ನಾನು."

ಬಟ್ಟಲು ಪೂರ್ತಿ ಕುಡಿದರು. ಕಹಿ ಎಂದು ಮುಖ ಕಿವುಚಿದರು. ಕೂತರು. ರಾಯರ ತಟ್ಟೆಯಲ್ಲಿ ಅನ್ನ ಆರುತ್ತಿತ್ತು. ಅದು ಪೂರ್ತಿ ಆರುವ ಮೊದಲೇ ಲೀಲಮ್ಮ ಬಚ್ಚಲಿಗೆ ಓಡಿದರು. ಮೊದಲು ವಾಂತಿ, ಆಮೇಲೆ ತಲೆಸುತ್ತು, ಆಮೇಲೆ ಕಾಲೇ ನಿಲ್ಲಲಿಲ್ಲ. ಗೋಡೆ ಹಿಡಿದುಕೊಂಡೇ "ಅವರಿಗೆ ಕೊಡಬೇಡ, ಚೆಲ್ಲಿಬಿಡು ಬಸಪ್ಪ," ಎಂದರು.

ಹೊಗೆಯಲ್ಲಿ ಹಾರ್ನ್ ಹೊಡೆಯುತ್ತ ಆಸ್ಪತ್ರೆ ಸೇರಿಸಿದೆ. ಅಮೂಲ್ಯ ಆಫೀಸಿನಿಂದ ನೇರ ಅಲ್ಲಿಗೇ ಬಂದಳು. "ಕಚ್ಚಾ ಪತ್ತಾ?" ಎಂದು ಡಾಕ್ಟರು ಮತ್ತೆ ಮತ್ತೆ ಕೇಳಿದರು. ಹಸಿ ಎಲೆಯನ್ನು ಯಾರಾದರೂ ತಿನ್ನುತ್ತಾರೆಂದು ಅವರಿಗೆ ನಂಬಿಕೆಯೇ ಬರಲಿಲ್ಲ. ಹಣ್ಣಾದರೆ ಬೇಯಿಸಿ ತಿನ್ನಬೇಕು, ಎಲೆ, ಕಡ್ಡಿ, ಬೇರಿನಲ್ಲಿ ವಿಷ ಇರುತ್ತದೆ ಎಂದರು. ವಯಸ್ಸು, ಸಕ್ಕರೆ ಕಾಯಿಲೆ ಬೇರೆ. ಒಳಗೇ ಇರಿಸಿಕೊಂಡರು.

ಒಳಗೆ ಒಬ್ಬರಿಗೆ ಮಾತ್ರ ಬಿಡುತ್ತಿದ್ದರು. ಅಮೂಲ್ಯ ಹೋದಳು. ರಾಯರು ಗೇಟಿನ ಹತ್ತಿರ ಸಿಮೆಂಟ್ ಕಟ್ಟೆಯ ಮೇಲೆ, ಆ ಹೊಗೆಯಲ್ಲೇ ಕೂತರು.

"ಮನೆಗೆ ಹೋಗೋಣ ರಾಯರೇ. ಈ ಗಾಳಿ ನಿಮಗೆ ಆಗಲ್ಲ."

"ಅವಳು ಒಳಗಿರುವಾಗ ನಾನು ಮನೇಲಿ ಕೂತು ಏನು ಮಾಡಲಿ?"

ಬೈದೆ, ಕೂಗಾಡಿದೆ. ಎದ್ದೇಳಲಿಲ್ಲ. ಮಾರನೆಯ ದಿನವೂ ಅಲ್ಲೇ. ಮಫ್ಲರಿನೊಳಗಿಂದ ಸೀಟಿ ಊದಿದ ಹಾಗೆ ಉಸಿರು ಬರುತ್ತಿತ್ತು.

ಯಶವಂತ್ ಬಂದ. ನಾನು ಅವನ ಕಾಲರ್ ಹಿಡಿದೆ. "ಅಂಕಲ್, ದೊಡ್ಡಮ್ಮ ಯಾವಾಗ್ಲೂ ಕುದಿಸ್ತಾರಲ್ವಾ, ಕಾಢಾ ಮಾಡ್ತಾರೆ ಅಂದ್ಕೊಂಡೆ," ಎಂದು ಅಳತೊಡಗಿದ. ಕುದಿಸಿದರೆ ಎಲೆಯ ವಿಷ ಹೋಗುತ್ತದೆಂದು ಇವನಿಗೆ ಯಾರು ಹೇಳಿದ್ದರು? ರಾಯರೇ ನನ್ನ ಕೈ ಬಿಡಿಸಿದರು.

ಲೀಲಮ್ಮ ಬದುಕಿ ಮನೆಗೆ ಬಂದರು. ಅವರು ಬಂದ ವಾರವೇ ರಾಯರನ್ನು ಅದೇ ಆಸ್ಪತ್ರೆಗೆ ಒಯ್ದೆವು. ಅವರು ತಿರುಗಿ ಬರಲಿಲ್ಲ. ಡಿಸೆಂಬರ್ ಕೂಡ ಮುಗಿದಿರಲಿಲ್ಲ.

ತಿಥಿಯ ದಿನ ನಾನು ಆ ಗಿಡವನ್ನು ಬೇರುಸಹಿತ ಕಿತ್ತೆ. ಬೇರು ಡಬ್ಬದ ತಳ ತೂತು ಮಾಡಿ ನೆಲಕ್ಕಿಳಿದಿತ್ತು. ಈ ಮಳೆಗಾಲದಲ್ಲಿ ಅದೇ ಜಾಗದಲ್ಲಿ ಮತ್ತೆ ಚಿಗುರಿದೆ. ಸುತ್ತ ಉಳಿದ ಡಬ್ಬಗಳಲ್ಲಿ ಬರಿ ಒಣಮಣ್ಣು. ಲೀಲಮ್ಮ ಈಗ ಯಾವ ಸೊಪ್ಪನ್ನೂ ಮುಟ್ಟುವುದಿಲ್ಲ.

ಅವರು ಕಳೆದ ಅಕ್ಟೋಬರಿನಲ್ಲಿ ಕಳಿಸಿದ್ದ ಸ್ಟೀಲ್ ಡಬ್ಬಿ ನನ್ನ ಹತ್ತಿರವೇ ಉಳಿದಿದೆ. ಬೆಲ್ಲ ತುಂಬಿಕೊಂಡು ಹೋದೆ. ಬಾಗಿಲಲ್ಲೇ ನಿಂತು ನೋಡಿದರು, ಕೈ ಚಾಚಲಿಲ್ಲ.

"ತಗೊಂಡ್ರೆ ಮತ್ತೆ ಪುಡಿ ಹಾಕಿ ಕಳಿಸಬೇಕಾಗುತ್ತೆ ಬಸಪ್ಪ. ನನ್ನ ಕೈಯಲ್ಲಿ ಆಗಲ್ಲ. ನೀನೇ ಇಟ್ಕೋ."

ಇನ್ನೂ ಹಲವು ಸಲ ಹೋದೆ. ಅದೇ ಮಾತು. ಚಳಿ ಮತ್ತೆ ಹತ್ತಿರ ಬಂದಿದೆ. ಡಬ್ಬಿ ನಮ್ಮ ಅಡುಗೆಮನೆಯ ಹಲಗೆಯ ಮೇಲಿದೆ, ಒಳಗೆ ಬೆಲ್ಲ ಕರಗಿ ತಳಕ್ಕೆ ಅಂಟಿದೆ.